ಮಣ್ಣಿನ ಮಕ್ಕಳು ಯಾರು?
ಇಸ್ರೇಲದ ಸಂಸ್ಕೃತಿಯೂ ಮೂಲನಿವಾಸದ ವಾದವೂ

1918ನೆಯ ಇಸವಿಯ ಸೆಪ್ಟೆಂಬರ 23ನೆಯ ದಿನ, ಮೆಡಿಟರೇನಿಯನ್ ಸಮುದ್ರದ ದಡದಲ್ಲಿರುವ ಹೈಫಾ ಪಟ್ಟಣವನ್ನು ಜೋಧಪುರದ ಹಾಗೂ ಮೈಸೂರಿನ ಅಶ್ವದಳಗಳು ತುರ್ಕರಿಂದ ಗೆದ್ದುಕೊಂಡುವು. ತೋಪುಗಳ ಬಾಯಿಗೆ ಎದುರಾಗಿ ಈಟಿ ಹಿಡಿದು ಕುದುರೆಯನ್ನೋಡಿಸಿದ ಆ ಶೂರರಲ್ಲಿ ಕೆಲವರು ಅಲ್ಲಿಯೇ ಮಣ್ಣಾದರು. ಮೈಸೂರ ಅಶ್ವದಳದವರ ಸ್ಮಾರಕಸ್ತಂಭವು ಬೆಂಗಳೂರಿನಲ್ಲಿ ಇಂದಿಗೂ ನಿಂತಿದೆ. ತಾವು ಗೆದ್ದ ಊರು ನಿಜವಾಗಿ ಯಾರದೆಂಬ ವಿಚಾರವು ಆ ಸೈನಿಕರಿಗೆ ಹೊಳೆದಿರಲಾರದು. ಅವರು ಪರರ ಅಪ್ಪಣೆಯಂತೆ ಕಾದಿದರು, ಪರರಿಗೆ ಗೆದ್ದುಕೊಟ್ಟರು. ಆದರೆ ಆ ಒಂದು ಪ್ರಶ್ನೆಯೇ ಇಂದು ಲೋಕದ ವಿದ್ಯಾಪೀಠಗಳಲ್ಲಿಯೂ ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಕಾವೇರಿದ ಚರ್ಚೆಗೆ ಕಾರಣವಾಗಿದೆ: ಆ ನೆಲಕ್ಕೆ ಮಕ್ಕಳಾರು, ಪರಕೀಯರಾರು?

ವಿವಾದದ ಸ್ವರೂಪವು ವಾಚಕರಿಗೆ ತಿಳಿಯದ್ದಲ್ಲ. ಇಸ್ರೇಲದ ಯೆಹೂದ್ಯರು, ತಾವೇ ಆ ನಾಡಿನ ಮೂಲನಿವಾಸಿಗಳೆಂದೂ, ಎರಡು ಸಾವಿರ ವರ್ಷಗಳ ಪರದೇಶವಾಸದ ತರುವಾಯ ತಾಯ್ಮನೆಗೆ ಮರಳಿದವರೆಂದೂ ಹೇಳುತ್ತಾರೆ. ಪ್ಯಾಲೆಸ್ತೀನದ ಅರಬರು, ತಾವು ತಲೆತಲಾಂತರದಿಂದ ಆ ಮಣ್ಣನ್ನು ಉತ್ತು ಬಿತ್ತಿದವರೆಂದೂ, ಯೆಹೂದ್ಯರು ಯುರೋಪಖಂಡದಿಂದ ಪರರಾಜ್ಯದ ಬೆಂಬಲದೊಡನೆ ಬಂದು ನೆಲಸಿದವರೆಂದೂ ಮರುನುಡಿಯುತ್ತಾರೆ. 2023ನೆಯ ಇಸವಿಯ ಅಕ್ಟೋಬರ 7ರಂದು ಹಮಾಸ ಪಕ್ಷದವರು ಗಾಜಾದಿಂದ ನಡೆಸಿದ ದಾಳಿಯಲ್ಲಿ ಇಸ್ರೇಲದ ಕಡೆ ಸುಮಾರು 1,200 ಜನರು ಹತರಾದರು. ಸುಮಾರು 250 ಜನರು ಒತ್ತೆಯಾಳುಗಳಾಗಿ ಒಯ್ಯಲ್ಪಟ್ಟರು. ಅದರ ಬೆನ್ನಿಗೆ ಇಸ್ರೇಲವು ಗಾಜಾದಲ್ಲಿ ನಡೆಸಿದ ಯುದ್ಧದಲ್ಲಿ ಪ್ಯಾಲೆಸ್ತೀನಿಯರು ಹತ್ತಾರು ಸಾವಿರ ಸಂಖ್ಯೆಯಲ್ಲಿ ಮಡಿದರು. ಅವರಲ್ಲಿ ಹೆಂಗಸರೂ ಎಳೆಯ ಮಕ್ಕಳೂ ಬಹಳ ಮಂದಿ. ಆ ರಕ್ತಪಾತದ ಕಾಲದಿಂದ "ಮೂಲನಿವಾಸಿ" ಎಂಬ ಮಾತು ವಿದ್ವಾಂಸರ ಕೈಯೊಳಗಿನ ಅಳತೆಗೋಲಾಗಿ ಉಳಿಯದೆ, ಉಭಯಪಕ್ಷದವರಿಗೂ ಆಯುಧವಾಗಿ ಪರಿಣಮಿಸಿದೆ.

ಈ ವಾದವು ಜಮೀನಿನ ವ್ಯಾಜ್ಯದಂತೆ ನಡೆಯುತ್ತಿದೆ. ಯಾರ ಕಾಗದ ಹಳೆಯದೋ ಅವರಿಗೆ ಹೊಲ. ಉಳಿದವರು ಗಂಟುಮೂಟೆ ಕಟ್ಟಬೇಕು. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಎರಡು ಕಾಗದಗಳೂ ಸಾಚಾ ಇವೆ. ಆದರೆ ಅವುಗಳ ಆಧಾರದಿಂದ ಬೇಡುತ್ತಿರುವ ತೀರ್ಪು ಮಾತ್ರ ಅನ್ಯಾಯದ್ದಾಗಿದೆ. ಹೇಗೆಂಬುದನ್ನು ಆದಷ್ಟು ನಿಷ್ಪಕ್ಷಪಾತದಿಂದ ವಿವರಿಸುವೆವು.

ಮೊದಲು ಯೆಹೂದ್ಯರ ಕಾಗದವನ್ನು ನೋಡೋಣ. ಈಜಿಪ್ತದ ಅರಸನಾದ ಮೆರ್ನೆಪ್ತಾಹನ ಶಿಲಾಶಾಸನವೊಂದು 1896ರಲ್ಲಿ ಥೀಬ್ಸ್ ಪಟ್ಟಣದ ಹಾಳಿನಲ್ಲಿ ದೊರೆಯಿತು. ಕ್ರಿ. ಪೂ. 1208ರ ಸುಮಾರಿನ ಆ ಶಾಸನದಲ್ಲಿ ಕನಾನ ದೇಶದೊಳಗಿನ ಒಂದು ಜನವಾಗಿ "ಇಸ್ರೇಲ" ಎಂಬ ಹೆಸರು ಬಂದಿದೆ. ಕ್ರಿ. ಶ. 70ರಲ್ಲಿ ರೋಮನರು ಜೆರುಸಲೇಮಿನ ದೇವಾಲಯವನ್ನು ಸುಟ್ಟರು. 132ರಿಂದ 135ರ ವರೆಗೆ ನಡೆದ ಬಂಡಾಯವನ್ನು ಅಡಗಿಸಿದ ಸಾಮ್ರಾಟ ಹೇಡ್ರಿಯನನು ಯೆಹೂದ್ಯರು ಆ ಪಟ್ಟಣದಲ್ಲಿ ಕಾಲಿಡದಂತೆ ಮಾಡಿ, ಪ್ರಾಂತದ ಹೆಸರನ್ನೇ ಬದಲಿಸಿದನು. ಆದರೂ ಗಲಿಲಾಯದಲ್ಲಿ ಯೆಹೂದ್ಯರ ನೆಲೆ ಉಳಿಯಿತು. ಅವರ ಧರ್ಮಶಾಸ್ತ್ರವಾದ ಮಿಶ್ನಾ ಗ್ರಂಥವು ಸುಮಾರು 200ನೆಯ ಇಸವಿಯಲ್ಲಿ ಅಲ್ಲಿಯೇ ಸಂಗ್ರಹಗೊಂಡಿತು. ದೂರ ಹೋದವರಾದರೂ ನಾಡನ್ನು ಮರೆಯಲಿಲ್ಲ. ಹಿಮ ಬೀಳುವ ಪೋಲೆಂಡದಲ್ಲಿದ್ದ ಯೆಹೂದ್ಯನೂ ಪ್ಯಾಲೆಸ್ತೀನದ ಋತುಮಾನವನ್ನನುಸರಿಸಿ ಶರತ್ಕಾಲದಲ್ಲಿ ಮಳೆಗಾಗಿಯೂ ವಸಂತದಲ್ಲಿ ಇಬ್ಬನಿಗಾಗಿಯೂ ಪ್ರಾರ್ಥನೆಯನ್ನು ಸಲ್ಲಿಸುತ್ತಿದ್ದನು. ತಾನು ಕಣ್ಣಾರೆ ಕಾಣದ ಹೊಲಕ್ಕೆ ಮಳೆಯನ್ನು ಬೇಡುವ ಜನವನ್ನು ಆ ಹೊಲಕ್ಕೆ ಸಂಬಂಧವಿಲ್ಲದವರೆಂದು ಹೇಗೆ ಹೇಳೋಣ?

ಇನ್ನು ಅರಬರ ಕಾಗದ. ಅದು ಕಲ್ಲಿನ ಮೇಲಲ್ಲ, ರೈತರ ನಾಲಗೆಯ ಮೇಲೆ ಬರೆದದ್ದು. 1838ರಲ್ಲಿ ಅಮೇರಿಕದ ಪಂಡಿತರಾದ ಎಡ್ವರ್ಡ ರಾಬಿನ್ಸನ್ನರು, ಅರಬ್ಬೀ ಬಲ್ಲ ಪಾದ್ರಿ ಈಲೈ ಸ್ಮಿತ್ತರೊಡನೆ, ಬೈಬಲ್ಲಿನಲ್ಲಿ ಉಕ್ತವಾದ ಊರುಗಳನ್ನು ಹುಡುಕುತ್ತ ಆ ನಾಡಿನಲ್ಲಿ ಸಂಚರಿಸಿದರು. ಅವರಿಗೆ ದಾರಿ ತೋರಿಸಿದ್ದು ಯಾವುದು? ಹಳ್ಳಿಗರ ಬಾಯಲ್ಲಿದ್ದ ಊರ ಹೆಸರುಗಳು. ಬೇಟಿನ್ ಎಂಬಲ್ಲಿ ಬೇಥೇಲ್, ಅನಾಟಾ ಎಂಬಲ್ಲಿ ಅನಾಥೋತ್, ಸೈಲೂನ್ ಎಂಬಲ್ಲಿ ಶಿಲೋ ಸಿಕ್ಕಿದುವು. ಅರಸರು ಬದಲಾದರು, ಮತ ಬದಲಾಯಿತು, ಮಾತು ಅರಬ್ಬಿಯಾಯಿತು. ಊರ ಹೆಸರು ಮಾತ್ರ ತಂದೆಯಿಂದ ಮಗನಿಗೆ ಬಾಯಿಂದ ಬಾಯಿಗೆ ಸಾಗಿ ಬಂದಿತು. ಇಬ್ರಿಯರ ಊರುಗಳ ನೆನಪನ್ನು ಸಾವಿರಾರು ವರ್ಷ ಕಾಯ್ದವರು ಅರಬ್ಬೀ ಮಾತನಾಡುವ ಬೇಸಾಯಗಾರರು. ಇಂಥವರನ್ನು ನಿನ್ನೆ ಮೊನ್ನೆ ಬಂದ ಅಲೆಮಾರಿಗಳೆಂದು ಕರೆಯುವುದು ಚರಿತ್ರೆಯ ಅಪಹಾಸ್ಯವೇ ಸರಿ.

ಇದು ನಮ್ಮ ಕಲ್ಪನೆಯಲ್ಲ. ಮುಂದೆ ಇಸ್ರೇಲದ ಮೊದಲನೆಯ ಪ್ರಧಾನಮಂತ್ರಿಗಳಾದ ಡೇವಿಡ ಬೆನ್‌ಗುರಿಯನ್ನರೂ ಎರಡನೆಯ ರಾಷ್ಟ್ರಾಧ್ಯಕ್ಷರಾದ ಇಟ್ಸ್‌ಹಾಕ್ ಬೆನ್‌ಟ್ಸ್ವಿಯವರೂ ಕೂಡಿ 1918ರಲ್ಲಿ, ಎಂದರೆ ನಮ್ಮ ಅಶ್ವದಳವು ಹೈಫಾ ಹೊಕ್ಕ ವರ್ಷದಲ್ಲಿಯೇ, ನ್ಯೂಯಾರ್ಕಿನಲ್ಲಿ ಯಿಡ್ಡಿಶ್ ಭಾಷೆಯ ಗ್ರಂಥವೊಂದನ್ನು ಪ್ರಕಟಿಸಿದರು. ಪ್ಯಾಲೆಸ್ತೀನದ ಅರಬ ರೈತರಲ್ಲಿ ಬಹುಮಂದಿ ನಾಡು ಬಿಡದೆ ಉಳಿದ ಪ್ರಾಚೀನ ಯೆಹೂದ್ಯ ರೈತರ ಸಂತತಿಯೇ ಎಂದು ಅದರಲ್ಲಿ ಅವರು ಪ್ರತಿಪಾದಿಸಿದ್ದರು. 2020ರಲ್ಲಿ ಪ್ರಕಟವಾದ, ಹಳೆಯ ಎಲುಬುಗಳೊಳಗಿನ ವಂಶಧಾತುವಿನ ಸಂಶೋಧನೆಯೂ ಇದಕ್ಕೆ ಹೊಂದಿಕೊಳ್ಳುವಂತಿದೆ. ಇಂದಿನ ಹಲವು ಯೆಹೂದ್ಯ ಪಂಗಡಗಳ, ಹಾಗೂ ಆ ಪ್ರದೇಶದ ಅರಬ್ಬೀಭಾಷಿಕರ, ಪೂರ್ವಿಕರಲ್ಲಿ ಅರ್ಧಕ್ಕೂ ಹೆಚ್ಚಿನ ಪಾಲು ಕಂಚಿನ ಯುಗದ ಆ ಪ್ರದೇಶದ ಜನರಿಗೆ ಸಂಬಂಧಿಸಿದ್ದೆಂದು ಅದು ತೋರಿಸಿತು. ಎಂದ ಮೇಲೆ, ನೆತ್ತರಿನ ಸಾಕ್ಷ್ಯವನ್ನು ಕರೆತಂದು ಎದುರಾಳಿಯನ್ನು ಸೋಲಿಸಹೋದವರು ಕಂಡದ್ದೇನು? ಕಟಕಟೆಯಲ್ಲಿ ನಿಂತ ವಾದಿ ಪ್ರತಿವಾದಿಗಳು ದೂರದ ದಾಯಾದಿಗಳೆಂಬುದನ್ನು!

ಪ್ರಾಮಾಣಿಕರಾದವರು ಇದನ್ನು ಮೊದಲೇ ಕಂಡಿದ್ದರು. ಅಹದ್ ಹಾಅಮ್ ಎಂಬ ಕಾವ್ಯನಾಮದ ಯೆಹೂದ್ಯ ಪಂಡಿತರು 1891ರಲ್ಲಿ ಪ್ಯಾಲೆಸ್ತೀನವನ್ನು ಕಂಡು ಬಂದು, ಆ ದೇಶವು ಬರಿದಾಗಿದೆಯೆಂಬ ನಂಬಿಕೆ ಸುಳ್ಳೆಂದೂ, ಸಾಗುವಳಿಯಾಗದ ಒಳ್ಳೆಯ ನೆಲ ಅಲ್ಲಿ ದೊರೆಯುವುದೇ ಕಷ್ಟವೆಂದೂ ತಮ್ಮವರನ್ನು ಎಚ್ಚರಿಸಿದರು. ಅತ್ತ ಜೆರುಸಲೇಮಿನ ಪೌರಾಧ್ಯಕ್ಷರಾಗಿದ್ದ ಯೂಸುಫ್ ಅಲ್ ಖಾಲಿದಿಯವರು 1899ರಲ್ಲಿ ಫ್ರಾನ್ಸದ ಪ್ರಧಾನ ಯೆಹೂದ್ಯ ಗುರುಗಳಿಗೆ ಪತ್ರ ಬರೆದು, ಆ ನಾಡಿನ ಮೇಲೆ ಯೆಹೂದ್ಯರಿಗಿರುವ ಐತಿಹಾಸಿಕ ಹಕ್ಕನ್ನು ತಾವು ಒಪ್ಪುವುದಾಗಿಯೂ, ಆದರೆ ಅಲ್ಲಿ ಬೇರೊಂದು ಜನವು ಬಾಳುತ್ತಿರುವುದರಿಂದ ಪ್ಯಾಲೆಸ್ತೀನವನ್ನು ಅದರ ಪಾಡಿಗೆ ಬಿಡಬೇಕಾಗಿಯೂ ಬಿನ್ನವಿಸಿದರು. ಆ ಪತ್ರವು ಯೆಹೂದ್ಯ ರಾಷ್ಟ್ರೀಯ ಚಳವಳಿಯ ನಾಯಕರಾದ ಥಿಯೋಡೋರ ಹರ್ಟ್ಸಲರಿಗೆ ತಲುಪಿತು. ಹೊಸಬರ ಬರವಿನಿಂದ ಅರಬರ ಸಂಪತ್ತು ಹೆಚ್ಚುವುದೆಂದು ಅವರು ಉತ್ತರವಿತ್ತರು. ಖಾಲಿದಿಯವರು ಕೇಳಿದ್ದು ಸಂಪತ್ತನ್ನಲ್ಲ. ಒಂದು ಜನವು ತನ್ನ ಮನೆಯ ಮಾತನ್ನೆತ್ತಿದಾಗ ಅದಕ್ಕೆ ಕೂಲಿಯ ಲೆಕ್ಕವನ್ನು ಒಪ್ಪಿಸುವ ಈ ಕಿವುಡುತನದಿಂದಲೇ ಅನರ್ಥಕ್ಕೆ ಮೊದಲಾಯಿತು.

ಇಷ್ಟಾದರೂ ಯೆಹೂದ್ಯರು ಅಲ್ಲಿ ಕಟ್ಟಿದ ಸಂಸ್ಕೃತಿಯು ಕೃತಕವೆಂದು ನಾವು ಹೇಳಲಾರೆವು. ಭಾಷಾಭಿಮಾನಿಗಳಾದವರು ಅದರ ಮುಂದೆ ತಲೆವಾಗಲೇಬೇಕು. ಶತಮಾನಗಳಿಂದ ಪ್ರಾರ್ಥನೆಗೂ ಪಾಂಡಿತ್ಯಕ್ಕೂ ಬಳಕೆಯಾಗುತ್ತಿದ್ದ ಹಿಬ್ರೂ ಭಾಷೆಯನ್ನು ಅಡಿಗೆಮನೆಗೂ ಅಂಗಡಿಗೂ ತರಬೇಕೆಂದು ಪಣ ತೊಟ್ಟ ಎಲಿಯೆಜರ್ ಬೆನ್ ಯೆಹೂದಾ ಅವರು 1881ರಲ್ಲಿ ಪ್ಯಾಲೆಸ್ತೀನಕ್ಕೆ ಬಂದರು. 1882ರಲ್ಲಿ ಹುಟ್ಟಿದ ತಮ್ಮ ಮಗನ ಕಿವಿಯ ಮೇಲೆ ಹಿಬ್ರೂ ಹೊರತು ಬೇರೆ ಮಾತು ಬೀಳದಂತೆ ಬೆಳೆಸಿದರು. ಅವರು ಆರಂಭಿಸಿದ ಮಹಾನಿಘಂಟು ಅವರ ಮರಣಾನಂತರ, 1959ರಲ್ಲಿ, ಹದಿನೇಳು ಸಂಪುಟಗಳಾಗಿ ಮುಗಿಯಿತು. ಒಬ್ಬರ ಛಲವು ಜನರ ಛಲವಾದದ್ದು ಹೈಫಾದಲ್ಲಿ. 1913ರಲ್ಲಿ ಅಲ್ಲಿ ತಾಂತ್ರಿಕ ವಿದ್ಯಾಲಯವೊಂದನ್ನು ತೆರೆಯುವ ಸನ್ನಾಹ ನಡೆದಿತ್ತು. ಹಣ ಕೊಟ್ಟ ಜರ್ಮನಿಯ ಯೆಹೂದ್ಯ ಸಂಘದವರು, ಶಾಸ್ತ್ರವಿಷಯಗಳಿಗೆ ಹಿಬ್ರೂ ಸಾಲದು, ಪಾಠವು ಜರ್ಮನ್ ಭಾಷೆಯಲ್ಲಿ ನಡೆಯಬೇಕು, ಎಂದರು. ಉಪಾಧ್ಯಾಯರು ಪಾಠಶಾಲೆಗಳಿಂದ ಹೊರನಡೆದರು, ವಿದ್ಯಾರ್ಥಿಗಳು ಅವರನ್ನು ಹಿಂಬಾಲಿಸಿದರು. ಕೊನೆಗೆ 1924ರಲ್ಲಿ ಆ ವಿದ್ಯಾಲಯದಲ್ಲಿ ಪಾಠಗಳು ಮೊದಲಾದಾಗ ಬೋಧನೆಯು ಹಿಬ್ರೂ ಭಾಷೆಯಲ್ಲಿಯೇ ನಡೆಯಿತು. ನಮ್ಮ ಉಪಾಧ್ಯಾಯ ಬಂಧುಗಳು ಈ ಸಂಗತಿಯನ್ನು ಮನಸ್ಸಿನಲ್ಲಿಡತಕ್ಕದ್ದು. ಇಂಥ ದುಡಿಮೆಯಿಂದ ಬೇರೂರಿದ ಜನವನ್ನು, ಅಲ್ಲಿಯೇ ಹುಟ್ಟಿ ಆ ಭಾಷೆಯಲ್ಲಿಯೇ ಕನಸು ಕಾಣುವವರನ್ನು, ಬಂದ ದಾರಿಗೆ ಸುಂಕವಿಲ್ಲವೆಂದು ಪೋಲೆಂಡಕ್ಕೆ ಹೋಗಹೇಳುವುದು ಯಾವ ನ್ಯಾಯ? ಇಸ್ರೇಲದ ಯೆಹೂದ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚಿನವರು ಆ ದೇಶದಲ್ಲಿಯೇ ಹುಟ್ಟಿದವರು. ಬಹುಮಂದಿಯ ಹಿರಿಯರು ಬಂದದ್ದು ಪೋಲೆಂಡದಿಂದಲೂ ಅಲ್ಲ. ಬಾಗದಾದದಿಂದ, ಯೆಮೆನದಿಂದ, ಮೊರೊಕ್ಕೋದಿಂದ.

ಇನ್ನು ಅದೇ ಹೈಫಾ ಪಟ್ಟಣದ ಮತ್ತೊಂದು ಪುಟವನ್ನು ತಿರುವೋಣ. 1947ರ ನವೆಂಬರ 29ರಂದು ಸಂಯುಕ್ತ ರಾಷ್ಟ್ರಸಂಘವು ಪ್ಯಾಲೆಸ್ತೀನವನ್ನು ಇಬ್ಭಾಗ ಮಾಡುವ ಠರಾವನ್ನು ಅಂಗೀಕರಿಸಿತು. ಯೆಹೂದ್ಯರು ಒಪ್ಪಿದರು, ಅರಬರು ಒಪ್ಪಲಿಲ್ಲ. ಡಿಸೆಂಬರ 30ರಂದು ಹೈಫಾದ ಎಣ್ಣೆಯ ಕಾರಖಾನೆಯ ಬಾಗಿಲಲ್ಲಿ ಯೆಹೂದ್ಯ ಉಗ್ರರು ಎಸೆದ ಬಾಂಬಿನಿಂದ ಆರು ಜನ ಅರಬ ಕೂಲಿಕಾರರು ಸತ್ತರು. ಒಳಗಿನ ಅರಬ ಕೂಲಿಕಾರರು ತಮ್ಮ ಜೊತೆಯಲ್ಲಿ ದುಡಿಯುತ್ತಿದ್ದ 39 ಯೆಹೂದ್ಯರನ್ನು ಕೊಂದರು. ಆ ಸೇಡಿಗಾಗಿ ಹಗನಾ ಪಡೆಯವರು ಸಮೀಪದ ಅರಬ ಹಳ್ಳಿಯ ಮೇಲೆ ಬಿದ್ದು ಹತ್ತಾರು ಜನರನ್ನು ಸಂಹರಿಸಿದರು. 1948ರ ಎಪ್ರಿಲದಲ್ಲಿ ಪಟ್ಟಣವು ಹಗನಾ ಪಡೆಯ ವಶವಾಯಿತು. ಗುಂಡಿನ ಸುರಿಮಳೆಗೆ ಬೆದರಿದ ಅರಬರು ಬಂದರಕ್ಕೆ ಓಡಿ, ಸಿಕ್ಕಸಿಕ್ಕ ದೋಣಿ ಹಡಗುಗಳನ್ನೇರಿದರು. ಪಟ್ಟಣದ ಯೆಹೂದ್ಯ ಪೌರಾಧ್ಯಕ್ಷರಾದ ಶಬ್ತಾಯ್ ಲೇವಿಯವರು ಹೋಗಬೇಡಿರೆಂದು ಅವರ ಮುಖಂಡರನ್ನು ಬೇಡಿಕೊಂಡರೆಂಬುದು ನಿಜ; ಹೋದವರನ್ನು ಮರಳಿ ಬರಗೊಡಲಿಲ್ಲವೆಂಬುದೂ ಅಷ್ಟೇ ನಿಜ. ಅರುವತ್ತು ಸಾವಿರಕ್ಕೂ ಮಿಕ್ಕಿದ್ದ ಅರಬರಲ್ಲಿ ಹೈಫಾದಲ್ಲಿ ಉಳಿದವರು ಕೆಲವೇ ಸಾವಿರ. ದೇಶದಲ್ಲೆಲ್ಲ ಮನೆಮಠಗಳನ್ನು ಕಳೆದುಕೊಂಡ ಪ್ಯಾಲೆಸ್ತೀನಿಯರು ಸುಮಾರು ಏಳು ಲಕ್ಷ. ಬರಿದಾದ ಹಳ್ಳಿಗಳು ನಾಲ್ಕುನೂರಕ್ಕೂ ಹೆಚ್ಚು. ಅವರು ಇದನ್ನು "ನಕ್ಬಾ" ಎಂದರೆ ಮಹಾವಿಪತ್ತು ಎಂದು ಕರೆಯುತ್ತಾರೆ.

ಹೈಫಾದ ವಾದಿ ಸಲೀಬ್ ಎಂಬ ಕೇರಿಯಲ್ಲಿ ಹೀಗೆ ಬರಿದಾದ ಅರಬರ ಮನೆಗಳಿಗೆ ಸರಕಾರವು ಯಾರನ್ನು ತಂದಿಳಿಸಿತು? ಮೊರೊಕ್ಕೋ ಮೊದಲಾದ ದೇಶಗಳಿಂದ ಬಂದ ಬಡ ಯೆಹೂದ್ಯರನ್ನು. 1948ರ ಮುಂದಿನ ದಶಕಗಳಲ್ಲಿ ಅರಬ ಹಾಗೂ ಮುಸಲ್ಮಾನ ದೇಶಗಳಿಂದ ಇಸ್ರೇಲಕ್ಕೆ ಬಂದ ಯೆಹೂದ್ಯರು ಸುಮಾರು ಆರು ಲಕ್ಷ ಜನ. ಅವರಲ್ಲಿ ಬಹುಮಂದಿ ತಾವೂ ಮನೆಮಾರು ಕಳೆದುಕೊಂಡವರು. ಅವರ ಮನೆಮಾತು ಅರಬ್ಬಿ, ಹಾಡು ಅರಬ್ಬಿ, ಅಡಿಗೆ ಅರಬ್ಬಿ. ಯುರೋಪದ ಯೆಹೂದ್ಯರು ಕಟ್ಟಿದ ಹೊಸ ನಾಡಿನಲ್ಲಿ ಇವೆಲ್ಲ ಹಿಂದುಳಿದವರ ಲಕ್ಷಣಗಳೆನಿಸಿದುವು. 1959ರ ಜುಲೈ ತಿಂಗಳಲ್ಲಿ ವಾದಿ ಸಲೀಬಿನ ನಿವಾಸಿಯೊಬ್ಬನ ಮೇಲೆ ಪೋಲೀಸರು ಗುಂಡು ಹಾರಿಸಲು, ಕೇರಿಗೆ ಕೇರಿಯೇ ಸಿಡಿದೆದ್ದಿತು. ನಮ್ಮ ಕೊಂಕಣ ಕರಾವಳಿಯಿಂದ ಹೋದ, ಮರಾಠಿ ಮಾತನಾಡುವ ಬೆನೆ ಇಸ್ರೇಲರ ಪಾಡೂ ಸುಖದ್ದಾಗಿರಲಿಲ್ಲ. ಅವರ ಕುಲಶುದ್ಧಿಯ ವಿಷಯದಲ್ಲಿ ಅಲ್ಲಿಯ ಧರ್ಮಗುರುಗಳು ಸಂಶಯವನ್ನೆತ್ತಿ ವಿವಾಹಗಳಿಗೆ ಅಡ್ಡಿಮಾಡಿದರು; ಅವರು ಜೆರುಸಲೇಮಿನಲ್ಲಿ ಪ್ರತಿಭಟಿಸಿದ ಮೇಲೆ, 1964ರಲ್ಲಿ, ಅವರನ್ನು ಪೂರ್ಣ ಯೆಹೂದ್ಯರೆಂದು ಮನ್ನಿಸಲಾಯಿತು. ಯುರೋಪದ ಯೆಹೂದ್ಯರ ತಾಯ್ನುಡಿಯಾಗಿದ್ದ ಯಿಡ್ಡಿಶ್ ಭಾಷೆಯೂ ಹಿಬ್ರೂವಿನ ಉತ್ಸಾಹದಲ್ಲಿ ಮೂಲೆಗುಂಪಾಯಿತು. "ಮಣ್ಣಿನ ಮಗ" ಎಂಬ ಒಂದೇ ಅಚ್ಚನ್ನು ಕೆತ್ತಿ ಎಲ್ಲರನ್ನೂ ಅದರಲ್ಲಿ ಎರೆಯಹೊರಟರೆ, ಮೊದಲು ನೋಯುವವರು ಹೊರಗಿನವರಷ್ಟೇ ಅಲ್ಲ, ಒಳಗಿನವರೂ ಅಹುದು.

ಆ ಅಚ್ಚಿನ ಹೆಸರೂ ವಿಚಾರಾರ್ಹವಾಗಿದೆ. ಆ ನಾಡಿನಲ್ಲಿಯೇ ಹುಟ್ಟಿದ ಯೆಹೂದ್ಯನಿಗೆ "ತ್ಸಬಾರ್" ಎಂದರೆ ಪಾಪಾಸುಕಳ್ಳಿಯ ಹಣ್ಣು ಎಂಬ ಹೆಸರು ಬಿದ್ದಿದೆ. ಹೊರಗೆ ಮುಳ್ಳು, ಒಳಗೆ ಸಿಹಿ ಎಂಬುದು ಇದರ ಭಾವ. ಅರಬರೂ ಅದೇ ಗಿಡವನ್ನು "ಸಬ್ರ್" ಎಂದು ಕರೆಯುತ್ತಾರೆ. ಅವರ ಭಾಷೆಯಲ್ಲಿ ಆ ಮಾತಿಗೆ ಸೈರಣೆ ಎಂಬ ಅರ್ಥವೂ ಉಂಟು. ಅವರ ಹಳ್ಳಿಗಳ ಹಿತ್ತಿಲಬೇಲಿಗಳೆಲ್ಲ ಈ ಗಿಡದವೇ. ಮನೆಗಳನ್ನು ಕೆಡವಿ ನೆಲಸಮ ಮಾಡಿದಲ್ಲಿಯೂ ಈ ಬೇಲಿಯು ಮತ್ತೆ ಚಿಗುರಿ, ಇಲ್ಲಿ ಊರಿತ್ತೆಂದು ತೋರಿಸುತ್ತದೆ. ಉಮ್ ಅಲ್ ಫಹ್ಮ್ ಊರಿನ ಪ್ಯಾಲೆಸ್ತೀನಿ ಚಿತ್ರಕಾರ ಆಸಿಮ್ ಅಬೂ ಶಕ್ರಾ ಅವರು, 1990ರಲ್ಲಿ ಇನ್ನೂ ಇಪ್ಪತ್ತರ ಪ್ರಾಯದಲ್ಲಿ ತೀರಿಕೊಳ್ಳುವುದಕ್ಕೆ ಮುಂಚೆ, ಕುಂಡದಲ್ಲಿ ನೆಟ್ಟ ಪಾಪಾಸುಕಳ್ಳಿಯನ್ನು ಮತ್ತೆ ಮತ್ತೆ ಚಿತ್ರಿಸಿದರು. ನೆಲವಿಲ್ಲದ ಬೇರಿನ ಚಿತ್ರವದು. ಇಬ್ಬರೂ ತಮ್ಮ ಬೇರಿನ ಗುರುತಾಗಿ ಆರಿಸಿಕೊಂಡ ಈ ಗಿಡದ ಹುಟ್ಟೂರು ಯಾವುದು? ಮೆಕ್ಸಿಕೋ! ಕೊಲಂಬಸನ ನಂತರ ಸ್ಪೇನರ ಹಡಗುಗಳಲ್ಲಿ ಅದು ಮೆಡಿಟರೇನಿಯನ್ ತೀರಕ್ಕೆ ಬಂದಿತು. ನಮ್ಮ ಬಯಲುಸೀಮೆಯ ಹೊಲದ ಬೇಲಿಗೆ ಹಬ್ಬಿರುವ ಪಾಪಾಸುಕಳ್ಳಿಯೂ ಅಮೇರಿಕದಿಂದ ಬಂದದ್ದೇ. ಇಂದು ಅದನ್ನು ಪರದೇಶಿಯೆಂದು ಯಾವ ರೈತನು ಗುರುತಿಸುವನು? ಬಂದದ್ದು ಎಂದೋ, ಬೇರುಬಿಟ್ಟದ್ದಂತೂ ನಿಜ.

ಬೇರನ್ನು ಇನ್ನೂ ಆಳಕ್ಕೆ ಇಳಿಸಲು ಹೋದವರೂ ಉಂಟು. 1939ರ ಸುಮಾರಿಗೆ ಕವಿ ಯೊನಾತಾನ ರಾತೋಷರು ಕಟ್ಟಿದ, "ಕನಾನರು" ಎಂದು ಹೆಸರಾದ ಪಂಗಡದವರು, ತಾವು ಯೆಹೂದ್ಯಮತದ ವಾರಸುದಾರರಲ್ಲವೆಂದೂ, ಪ್ರಾಚೀನ ಕನಾನ ದೇಶದ ಹಿಬ್ರೂ ಜನಾಂಗದವರೆಂದೂ ಸಾರಿದರು. ಅದೇ ಕಾಲದಲ್ಲಿ ಶಿಲ್ಪಿ ಇಟ್ಸ್‌ಹಾಕ್ ಡಾನ್ಸಿಗರರು ಕೆಂಪು ಮರಳುಗಲ್ಲಿನಲ್ಲಿ ಕಡೆದ "ನಿಮ್ರೋದ" ಎಂಬ ಬೇಟೆಗಾರನ ವಿಗ್ರಹವು ಈ ಮನೋಭಾವದ ಕುರುಹೆನಿಸಿತು. ರಾತೋಷರು ಹುಟ್ಟಿದ್ದು ಕನಾನದಲ್ಲಲ್ಲ, ವಾರ್ಸಾ ಪಟ್ಟಣದಲ್ಲಿ. ಇತ್ತ ಪ್ಯಾಲೆಸ್ತೀನಿಯರಲ್ಲಿಯೂ ತಾವೇ ಕನಾನರ ಸಂತತಿಯೆಂದು ವಾದಿಸುವವರು ಇದ್ದಾರೆ. ಹೀಗೆ ಎರಡೂ ಕಡೆಯವರು ಒಬ್ಬರಿಗಿಂತ ಒಬ್ಬರು ಹಿಂದಕ್ಕೆ ಓಡಿ, ಮೂರು ಸಾವಿರ ವರ್ಷಗಳ ಹಿಂದಿನ ಹೊಸ್ತಿಲ ಮೇಲೆ ಒಬ್ಬರನ್ನೊಬ್ಬರು ತಳ್ಳಾಡುತ್ತಿದ್ದಾರೆ. ಇಂದಿನ ಮನೆಯಲ್ಲಿ ಯಾರು ಹೇಗೆ ಬಾಳಬೇಕೆಂಬ ಪ್ರಶ್ನೆಯು ಹಾಗೆಯೇ ಉಳಿದುಬಿಡುತ್ತದೆ.

ಈ ಓಟದ ಹಿಂದೆ ಒಂದು ನಿರಾಕರಣೆಯಿದೆ. 1968ರ ಪ್ಯಾಲೆಸ್ತೀನಿ ರಾಷ್ಟ್ರೀಯ ಸನ್ನದಿನಲ್ಲಿ, ಆ ನಾಡಿನೊಡನೆ ಯೆಹೂದ್ಯರಿಗೆ ಐತಿಹಾಸಿಕವಾದ ಅಥವಾ ಧಾರ್ಮಿಕವಾದ ಸಂಬಂಧವುಂಟೆಂಬ ಮಾತನ್ನೇ ತಳ್ಳಿಹಾಕಲಾಗಿತ್ತು. ಮರುವರ್ಷವೇ, 1969ರಲ್ಲಿ, ಇಸ್ರೇಲದ ಪ್ರಧಾನಮಂತ್ರಿ ಗೋಲ್ಡಾ ಮೆಯಿರರು ಪ್ಯಾಲೆಸ್ತೀನಿಯರೆಂಬ ಜನವೇ ಇರಲಿಲ್ಲವೆಂಬ ಅರ್ಥದ ಮಾತನ್ನಾಡಿದರು. ಇಬ್ಬರದೂ ಒಂದೇ ತಪ್ಪು: ತಾನು ಇದ್ದೇನೆಂದು ತೋರಿಸಲು ಎದುರಿಗಿನವನು ಇಲ್ಲವೆಂದು ಸಾಧಿಸಹೊರಟದ್ದು.

ಇಲ್ಲಿ ಒಂದು ಆಕ್ಷೇಪಣೆಯನ್ನು ನಾವು ಎದುರಿಸಲೇಬೇಕು. ಇಬ್ಬರನ್ನೂ ಸಮಾನವಾಗಿ ತೂಗುವುದು ಬಲಿಷ್ಠನ ಪಕ್ಷವನ್ನು ವಹಿಸಿದಂತೆಯೇ. 1917ರ ಬಾಲ್ಫೋರ ಘೋಷಣೆಯಿಂದ ಮೊದಲ್ಗೊಂಡು ಪರರ ಸಾಮ್ರಾಜ್ಯದ ಆಸರೆಯಲ್ಲಿ ಬೆಳೆದ ವಲಸೆಯು, ಆಂಗ್ಲರು ಆಸ್ಟ್ರೇಲಿಯದಲ್ಲಿ ನೆಲಸಿದ್ದಕ್ಕಿಂತ ಭಿನ್ನವಾದುದಲ್ಲ. ಹೀಗೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಅಲ್ಲಿಯ ಜನರನ್ನು ಕೇಳದೆ ಅವರ ನಾಡಿನ ಭವಿಷ್ಯವನ್ನು ಲಂಡನ್ನಿನಲ್ಲಿ ನಿರ್ಣಯಿಸಲಾಯಿತು. ನಮ್ಮ ದೇಶದವರಿಗಂತೂ ಇದರ ರುಚಿ ಹೊಸದಲ್ಲ. 1967ರಿಂದ ವಶಪಡಿಸಿಕೊಂಡ ಪಶ್ಚಿಮ ದಂಡೆಯಲ್ಲಿ ಬೈಬಲ್ಲಿನ ಹೆಸರನ್ನು ಹಿಡಿದು ವಸತಿಗಳನ್ನು ಕಟ್ಟುತ್ತ ಬಂದಿರುವುದು ಇನ್ನೂ ದೊಡ್ಡ ಅನ್ಯಾಯ. ಆ ಪ್ರದೇಶಗಳನ್ನು ಇಸ್ರೇಲವು ಹಿಡಿದಿಟ್ಟುಕೊಂಡಿರುವುದು ಅಕ್ರಮವೆಂದು ಅಂತರರಾಷ್ಟ್ರೀಯ ನ್ಯಾಯಾಲಯವು 2024ರ ಜುಲೈ 19ರಂದು ಅಭಿಪ್ರಾಯವಿತ್ತಿತು. ಸೈಲೂನೆಂದು ಅರಬ ರೈತನು ಕಾಯ್ದಿಟ್ಟ ಹೆಸರಿನ ಬಲದಿಂದಲೇ ಇಂದು ಶಿಲೋ ಎಂಬ ಯೆಹೂದ್ಯ ವಸತಿಯು ಆ ರೈತನ ನೆರೆಯಲ್ಲಿ ಎದ್ದು ನಿಂತಿದೆಯೆಂಬುದು ಎಂಥ ವಿಪರ್ಯಾಸ! ಇದೆಲ್ಲ ನಿಜವಾದರೂ, ಆಸ್ಟ್ರೇಲಿಯಕ್ಕೆ ಹೋದ ಆಂಗ್ಲರಿಗೆ ಮರಳಲು ಇಂಗ್ಲೆಂಡವಿತ್ತು. ಹಿಟ್ಲರನ ಕೊಲೆಮನೆಗಳಿಂದ ಉಳಿದುಬಂದವನಿಗೂ ಬಾಗದಾದದಿಂದ ಹೊರಬಿದ್ದವನಿಗೂ ಮರಳಲು ಯಾವ ತಾಯ್ನಾಡಿತ್ತು? ಹೆಸರು ಏನೇ ಇಡಲಿ, ಮೊಮ್ಮಗನಿಗೆ ಅಜ್ಜನ ವಲಸೆಯ ದಂಡವಾಗಿ ಗಡೀಪಾರನ್ನು ವಿಧಿಸುವುದು ನ್ಯಾಯವಾಗಲಾರದು.

2007ರಲ್ಲಿ ಸಂಯುಕ್ತ ರಾಷ್ಟ್ರಸಂಘವು ಮೂಲನಿವಾಸಿ ಜನಗಳ ಹಕ್ಕುಗಳ ಘೋಷಣೆಯನ್ನು ಹೊರಡಿಸಿತು. ಅದರಲ್ಲಿ "ಮೂಲನಿವಾಸಿ" ಎಂಬ ಪದಕ್ಕೆ ಲಕ್ಷಣವನ್ನೇ ಹೇಳಿಲ್ಲ. ಅದರ ಗುರಿಯು ಒಂದು ಜನವು ತನ್ನ ನೆಲ, ನುಡಿ, ನಡೆಗಳೊಡನೆ ಬಾಳುವ ಹಕ್ಕನ್ನು ಕಾಯುವುದೇ ಹೊರತು, ಇನ್ನೊಂದು ಜನವನ್ನು ಹೊರಡಿಸುವುದಲ್ಲ. ನಮ್ಮ ತಾತ್ಪರ್ಯವೂ ಇದೇ. ಮೂಲನಿವಾಸವೆಂಬುದು ಉಳಿಯುವ ಹಕ್ಕಿಗೆ ಆಧಾರವಾಗಬಲ್ಲುದು. ಹೊರಹಾಕುವ ಹಕ್ಕಿಗೆ ಎಂದಿಗೂ ಆಗಲಾರದು. ನೆಲದ ಮಗನೆನಿಸಿಕೊಳ್ಳುವವನು ತನ್ನ ಹಿರಿಯರ ಸಮಾಧಿಯನ್ನು ತೋರಿಸಿದರೆ ಸಾಲದು. ಆ ನೆಲದ ಮತ್ತೊಬ್ಬ ಮಗನ ನುಡಿಗೆ ತನ್ನ ಮನೆಯಲ್ಲಿ ಏನು ಸ್ಥಾನವಿತ್ತಿದ್ದಾನೆಂಬುದನ್ನೂ ತೋರಿಸಬೇಕು. ಈ ಪರೀಕ್ಷೆಯಲ್ಲಿ ಇಸ್ರೇಲವು ಹಿಂದಕ್ಕೆ ಜಾರಿದೆಯೆಂದು ನಾವು ವ್ಯಸನದಿಂದ ಹೇಳಬೇಕಾಗಿದೆ. 1922ರಿಂದ ಅರಬ್ಬಿಯೂ ಹಿಬ್ರೂವೂ ಆ ನಾಡಿನ ಅಧಿಕೃತ ಭಾಷೆಗಳಾಗಿದ್ದುವು. ಇಸ್ರೇಲ ರಾಷ್ಟ್ರವು ಹುಟ್ಟಿದ ಮೇಲೆಯೂ ಆ ವ್ಯವಸ್ಥೆಯು ಕಾಗದದ ಮೇಲಾದರೂ ಉಳಿದಿತ್ತು. 2018ರ ಜುಲೈ 19ರಂದು 62 ಮತಗಳಿಗೆ ಎದುರಾಗಿ 55 ಮತಗಳು ಬಿದ್ದರೂ ಅಂಗೀಕಾರವಾದ ಮೂಲಶಾಸನವು ಹಿಬ್ರೂವನ್ನು ಮಾತ್ರ ರಾಷ್ಟ್ರಭಾಷೆಯನ್ನಾಗಿಸಿ, ಅರಬ್ಬಿಯನ್ನು "ವಿಶೇಷ ಸ್ಥಾನ"ವೆಂಬ ಹೆಸರಿನಿಂದ ಕೆಳಗಿಳಿಸಿತು. ಪ್ರಜೆಗಳಲ್ಲಿ ಐದರಲ್ಲೊಂದು ಪಾಲಿನಷ್ಟು ಅರಬರಿರುವ ದೇಶವದು. ಜರ್ಮನ್ ಭಾಷೆಯ ದರ್ಪವನ್ನು ಎದುರಿಸಿ ಹೈಫಾದಲ್ಲಿ ಪಾಠಶಾಲೆಯಿಂದ ಹೊರನಡೆದ ಉಪಾಧ್ಯಾಯರ ವಾರಸುದಾರರಿಗೆ, ಮಾತೃಭಾಷೆಯ ಅಪಮಾನವೆಂದರೇನೆಂಬುದನ್ನು ನಾವು ಕಲಿಸಬೇಕೆ?

ಕಾಯಿದೆಯು ಮಾಡದ್ದನ್ನು ಸಾಹಿತಿಗಳು ಮಾಡಿದ್ದಾರೆಂಬುದೊಂದು ಸಮಾಧಾನ. ಹೈಫಾದಲ್ಲಿ ಹುಟ್ಟಿ, 1948ರ ನಂತರವೂ ಆ ದೇಶದಲ್ಲಿಯೇ ಉಳಿದ ಅರಬ್ಬೀ ಕಾದಂಬರಿಕಾರ ಎಮಿಲ್ ಹಬೀಬಿಯವರಿಗೆ 1990ರಲ್ಲಿ ಪ್ಯಾಲೆಸ್ತೀನ ವಿಮೋಚನಾ ಸಂಘದ ಪಾರಿತೋಷಕವೂ 1992ರಲ್ಲಿ ಇಸ್ರೇಲ ಸರಕಾರದ ಪಾರಿತೋಷಕವೂ ದೊರೆತುವು. ಅವರು ಎರಡನ್ನೂ ಸ್ವೀಕರಿಸಿದರು, ಎರಡೂ ಕಡೆಯಿಂದ ಬೈಸಿಕೊಂಡರು. ಅವರ ಕಾದಂಬರಿಯನ್ನು ಹಿಬ್ರೂವಿಗೆ ತಂದ ಅಂಟೋನ್ ಶಮ್ಮಾಸರು ತಾವು ಅರಬರಾಗಿದ್ದೂ 1986ರಲ್ಲಿ ಹಿಬ್ರೂ ಭಾಷೆಯಲ್ಲಿಯೇ ಸ್ವತಂತ್ರ ಕಾದಂಬರಿಯನ್ನು ಬರೆದರು. ಬಾಗದಾದದಲ್ಲಿ ಹುಟ್ಟಿದ ಯೆಹೂದ್ಯ ಸಾಮಿ ಮಿಖಾಯೇಲರು ಅರಬ್ಬಿಯಿಂದ ಹಿಬ್ರೂವಿಗೆ ಬಂದು, ಹೈಫಾದಲ್ಲಿ ನೆಲಸಿ, ಈಜಿಪ್ತದ ನಗೀಬ್ ಮಹಫೂಜರ ಕಾದಂಬರಿತ್ರಯವನ್ನು ಹಿಬ್ರೂ ಓದುಗರಿಗೆ ಕೊಟ್ಟು, 2024ರಲ್ಲಿ ತೀರಿಕೊಂಡರು. ಇವರಲ್ಲಿ ಮಣ್ಣಿನ ಮಗನಾರು, ಪರಕೀಯನಾರು?

ಪ್ಯಾಲೆಸ್ತೀನಿ ಲೇಖಕ ಘಸ್ಸಾನ್ ಕನಫಾನಿಯವರು 1969ರಲ್ಲಿ ಹೈಫಾಕ್ಕೆ ಮರಳಿದ ದಂಪತಿಗಳ ಕಥೆಯನ್ನು ಬರೆದರು. 1948ರ ಕೋಲಾಹಲದಲ್ಲಿ ಎಳೆಗೂಸನ್ನು ಬಿಟ್ಟು ಓಡಿದ ಅರಬ ದಂಪತಿಗಳು ಇಪ್ಪತ್ತು ವರ್ಷಗಳ ಮೇಲೆ ತಮ್ಮ ಮನೆಯ ಕದವನ್ನು ತಟ್ಟುತ್ತಾರೆ. ಒಳಗಿರುವವಳು, ತನ್ನವರನ್ನು ಹಿಟ್ಲರನ ಬಾಯಿಗೆ ಕೊಟ್ಟು ಪೋಲೆಂಡದಿಂದ ಬಂದ ಯೆಹೂದ್ಯ ಹೆಂಗಸು. ಅವರ ಮಗನನ್ನು ತನ್ನ ಮಗನೆಂದು ಸಾಕಿದ್ದಾಳೆ, ಅವನು ಇಸ್ರೇಲದ ಸೈನಿಕನಾಗಿದ್ದಾನೆ. ಕನಫಾನಿಯವರು ಒಂದು ಪಕ್ಷದ ನಿಷ್ಠುರ ಹೋರಾಟಗಾರರು. 1972ರಲ್ಲಿ ಬೇರೂತಿನಲ್ಲಿ ಕೊಲೆಗೀಡಾದರು. ಆದರೂ ಆ ಹೆಂಗಸನ್ನು ರಾಕ್ಷಸಿಯನ್ನಾಗಿ ಅವರು ಚಿತ್ರಿಸಲಿಲ್ಲ. ಆ ಮನೆಯೊಳಗೆ ನಿಂತ ಯಾರ ದುಃಖವೂ ಸುಳ್ಳಲ್ಲ.

ಆ ಊರಿನ ಮಣ್ಣಿನಲ್ಲಿ ಮೈಸೂರಿನ ಸವಾರರ ಎಲುಬುಗಳೂ ಬೆರೆತಿವೆ. ಅವರು ಅಲ್ಲಿಯ ಮೂಲನಿವಾಸಿಗಳಲ್ಲ, ಅಲ್ಲಿ ಅವರಿಗೆ ಯಾವ ಹಕ್ಕೂ ಇಲ್ಲ. ಆದರೂ ಆ ಮಣ್ಣು ಅವರನ್ನು ಹೊರಗೆ ಹಾಕಿಲ್ಲ. ಸತ್ತವರಿಗೆ ಮಣ್ಣು ತೋರುವ ಈ ಔದಾರ್ಯವನ್ನು ಬದುಕಿರುವವರು ಪರಸ್ಪರರಿಗೆ ತೋರಲಾರರೆ? ನಮ್ಮ ದೇಶದಲ್ಲಿಯೂ ಈ ವಿವಾದವನ್ನು ತಮ್ಮ ತಮ್ಮ ಮತಪಕ್ಷಗಳ ಕನ್ನಡಕದಿಂದ ನೋಡಿ, ಒಬ್ಬರ ಶವಗಳನ್ನು ಎಣಿಸಿ ಮತ್ತೊಬ್ಬರವನ್ನು ಎಣಿಸದೆ ಬಿಡುವ ಚಾಳಿ ಹರಡುತ್ತಿದೆ. ಪಟ್ಟಣಗಳ ವಾಚನಾಲಯಗಳಲ್ಲಿ ಚರ್ಚೆ ನಡೆಸುವ ಮಹನೀಯರೂ ತರಗತಿಗಳಲ್ಲಿ ಚರಿತ್ರೆಯನ್ನು ಕಲಿಸುವ ಉಪಾಧ್ಯಾಯರೂ ಈ ಚಾಳಿಗೆ ಒಳಗಾಗಬಾರದೆಂಬುದು ನಮ್ಮ ಬಿನ್ನಹ. ಬೇಥೇಲನ್ನು ನೆನಪಿಟ್ಟ ಅರಬ ರೈತನ ಹೆಸರನ್ನೂ, ಹಿಬ್ರೂವಿಗೆ ಮರುಹುಟ್ಟು ಕೊಟ್ಟ ಬೆನ್ ಯೆಹೂದಾರ ಹೆಸರನ್ನೂ ಮಕ್ಕಳಿಗೆ ಒಂದೇ ಪಾಠದಲ್ಲಿ ಹೇಳಿರಿ. ಒಂದನ್ನು ಬಿಟ್ಟು ಮತ್ತೊಂದನ್ನು ಹೇಳಿದರೆ ಅದು ಅರ್ಧ ಪಾಠ. ಆ ನಾಡಿನಲ್ಲಿ ಇಷ್ಟು ನೆತ್ತರು ಹರಿದದ್ದು ಅರ್ಧ ಪಾಠಗಳಿಂದಲೇ.